ಕೊರಳಪಟ್ಟಿಯಲ್ಲಿ ತಾರೆಯ ಹೆಸರು, ಹೊಲಿಗೆಯಲ್ಲಿ ಅಂಗಡಿಯ ಲೆಕ್ಕ

2007ರ ಜೂನ್ 7ರಂದು ಅಮೆರಿಕದ ಸ್ಟೀವ್ ಅಂಡ್ ಬ್ಯಾರೀಸ್ ಎಂಬ ಅಗ್ಗದ ದರದ ಮಳಿಗೆಗಳಲ್ಲಿ ನಟಿ ಸಾರಾ ಜೆಸ್ಸಿಕಾ ಪಾರ್ಕರ್ ಅವರ ‘ಬಿಟನ್’ ಉಡುಪುಗಳು ಮಾರಾಟಕ್ಕೆ ಬಂದವು. ಯಾವ ಉಡುಪಿಗೂ 20 ಡಾಲರ್ ಮುಟ್ಟುವ ಬೆಲೆಯಿರಲಿಲ್ಲ, ಅಳತೆಗಳು ದೊಡ್ಡ ಮೈಕಟ್ಟಿನವರಿಗೆ ಹೊಂದುವ 22ರವರೆಗೂ ಸಿಗುತ್ತಿದ್ದವು, ಮತ್ತು ಚೆಂದದ ಉಡುಪು ಐಷಾರಾಮವಲ್ಲ, ಎಲ್ಲರ ಹಕ್ಕು ಎಂಬ ಘೋಷಣೆಯನ್ನು ಮುಂದಿಟ್ಟುಕೊಂಡೇ ಪ್ರಚಾರ ನಡೆಯಿತು. ದೂರದರ್ಶನ ಧಾರಾವಾಹಿಯೊಂದರಲ್ಲಿ ಕಂತಿಗೊಂದರಂತೆ ದುಬಾರಿ ಉಡುಪು, ಅದಕ್ಕಿಂತ ದುಬಾರಿ ಪಾದರಕ್ಷೆ ತೊಟ್ಟು ಮನೆಮಾತಾಗಿದ್ದ ನಟಿಯ ಹೆಸರು ಇಷ್ಟು ಕಡಿಮೆ ಬೆಲೆಗೆ ಕೈಗೆಟುಕುತ್ತದೆ ಎಂದರೆ ಜನ ಬಾರದೇ ಇರುತ್ತಾರೆಯೇ? ಬಂದರು. ಆದರೆ 2008ರ ಜುಲೈನಲ್ಲಿ, ಅಂದರೆ ವರ್ಷ ತುಂಬಿ ತಿಂಗಳಾಗುವಷ್ಟರಲ್ಲಿ, 276 ಮಳಿಗೆಗಳಿದ್ದ ಆ ಕಂಪನಿ ದಿವಾಳಿ ಅರ್ಜಿ ಹಾಕಿತು. ಹೊಸ ಮಾಲೀಕರು ಬಂದರೂ ಉಳಿಯಲಿಲ್ಲ, 2009ರ ಆರಂಭಕ್ಕೆ ಎಲ್ಲ ಮಳಿಗೆಗಳೂ ಬಾಗಿಲು ಹಾಕಿದವು.

ಇದು ಒಂದು ಕಂಪನಿಯ ಕತೆಯಾಗಿದ್ದರೆ ಇಷ್ಟಕ್ಕೇ ಬಿಡಬಹುದಿತ್ತು. ಅಮೆರಿಕದ ಚಿಲ್ಲರೆ ವ್ಯಾಪಾರದಲ್ಲಿ ಇದು ಎರಡು ಮೂರು ವರ್ಷಕ್ಕೊಮ್ಮೆ ಬೇರೆ ಬೇರೆ ಹೆಸರುಗಳೊಂದಿಗೆ ಮರಳಿ ನಡೆಯುವ ವಿದ್ಯಮಾನ. ದೊಡ್ಡ ಹೆಸರೊಂದನ್ನು ಘೋಷಿಸಲಾಗುತ್ತದೆ, ನಿಯತಕಾಲಿಕಗಳಲ್ಲಿ ಸೊಗಸಾದ ಚಿತ್ರಗಳು ಬರುತ್ತವೆ, ಮೊದಲ ದಿನ ಮಳಿಗೆಗಳಲ್ಲಿ ನೂಕುನುಗ್ಗಲಾಗುತ್ತದೆ. ಆಮೇಲೆ ಮನೆಗೆ ತಂದ ಉಡುಪನ್ನು ಕನ್ನಡಿಯ ಮುಂದೆ ತೊಟ್ಟು ನೋಡಿದವರ ಮುಖ ಸಪ್ಪಗಾಗುತ್ತದೆ. ಇದಕ್ಕೆ ಸಾಮಾನ್ಯವಾಗಿ ಎರಡು ವಿವರಣೆಗಳನ್ನು ಕೊಡುತ್ತಾರೆ. ತಾರೆಗೆ ಉಡುಪಿನ ವಿನ್ಯಾಸ ಎಲ್ಲಿ ಗೊತ್ತು, ಹೆಸರು ಮಾರಿಕೊಂಡಳು ಅಷ್ಟೇ ಎಂಬುದು ಒಂದು. ಇಪ್ಪತ್ತು ಡಾಲರಿಗೆ ಇನ್ನೇನು ಸಿಗುತ್ತದೆ, ಕೊಂಡವರದೇ ತಪ್ಪು ಎಂಬುದು ಇನ್ನೊಂದು. ಎರಡರಲ್ಲೂ ಒಂದಿಷ್ಟು ನಿಜವಿದ್ದರೂ ಎರಡೂ ಮೂಲ ಕಾರಣವನ್ನು ಮುಟ್ಟುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಈ ನಿರಾಸೆ ಉಡುಪಿನ ಬೆಲೆಯನ್ನು ಕಟ್ಟುವ ಕ್ರಮದಲ್ಲೇ ಹೊಲಿದುಕೊಂಡು ಬಂದಿರುತ್ತದೆ. ಯಾವ ಗುಣಕ್ಕಾಗಿ ಆ ಹೆಸರು ಪ್ರಸಿದ್ಧವೋ ಆ ಗುಣಕ್ಕೇ ಮೊದಲು ಕತ್ತರಿ ಬೀಳುವಂತೆ ಲೆಕ್ಕ ನಡೆಯುತ್ತದೆ.

ದುಬಾರಿ ಉಡುಪಿನ ವಿನ್ಯಾಸಕ ಮೊದಲು ಬಟ್ಟೆಯನ್ನು ಆರಿಸುತ್ತಾನೆ, ಬೆಲೆ ಕೊನೆಗೆ ಬರುತ್ತದೆ. ಅಗ್ಗದ ಮಳಿಗೆಯಲ್ಲಿ ಇದು ತಿರುವುಮುರುವು. ಬೆಲೆ ಮೊದಲೇ ಗೊತ್ತಾಗಿರುತ್ತದೆ. ಅಲ್ಲಿಂದ ಹಿಂದಕ್ಕೆ ಕಳೆಯುತ್ತಾ ಹೋಗಿ ಉಳಿದದ್ದರಲ್ಲಿ ಉಡುಪು ಹೊಲಿಸಬೇಕು. ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. ಉಡುಪಿನ ಬೆಲೆ 20 ಡಾಲರ್ ಎನ್ನಿ. ಬಾಡಿಗೆ, ಸಂಬಳ, ಮುಂದೆ ಮಾಡಬೇಕಾಗಿ ಬರುವ ದರ ಕಡಿತ, ಲಾಭ ಎಲ್ಲ ಸೇರಿ ಮಳಿಗೆ ಸುಮಾರು ಅರ್ಧವನ್ನು ತನಗೆಂದು ಇಟ್ಟುಕೊಳ್ಳುತ್ತದೆ. ಉಳಿದ 10 ಡಾಲರಿನಲ್ಲಿ ಹಡಗಿನ ಸಾಗಣೆ, ಗೋದಾಮು, ಆಮದು ಸುಂಕಕ್ಕೆ 2 ಡಾಲರ್ ಹೋಯಿತು ಎಂದಿಟ್ಟುಕೊಳ್ಳಿ. ಹೆಸರು ಬಳಸಿಕೊಂಡದ್ದಕ್ಕೆ ತಾರೆಗೆ ಸಲ್ಲುವ ರಾಯಲ್ಟಿ ಮಾರಾಟ ಬೆಲೆಯ ನೂರಕ್ಕೆ ಐದರಂತೆ 1 ಡಾಲರ್. ಕಾರ್ಖಾನೆಗೆ ಸಿಗುವುದು 7. ಹೊಲಿಯುವವರ ಕೂಲಿ, ಜಿಪ್, ಗುಂಡಿ, ದಾರ, ಪ್ಯಾಕಿಂಗ್, ಕಾರ್ಖಾನೆಯ ಲಾಭ ಇವುಗಳನ್ನೆಲ್ಲ ಕಳೆದರೆ ಬಟ್ಟೆಗೆ ಉಳಿಯುವುದು ಹೆಚ್ಚೆಂದರೆ 4 ಡಾಲರ್. ಇಪ್ಪತ್ತರಲ್ಲಿ ಒಂದು ಡಾಲರ್ ರಾಯಲ್ಟಿ ಎಂದರೆ ಕೇಳುವುದಕ್ಕೆ ಸಣ್ಣ ಮೊತ್ತ. ಆದರೆ ಮಳಿಗೆ ತನ್ನ ಪಾಲನ್ನು ಬಿಟ್ಟುಕೊಡುವುದಿಲ್ಲ, ಸುಂಕ ಬಿಡುವುದಿಲ್ಲ, ಹಡಗಿನವನು ಬಿಡುವುದಿಲ್ಲ. ಹಾಗಾಗಿ ಆ ಒಂದು ಡಾಲರ್ ಬರುವುದು ಬಟ್ಟೆಯ ಬಾಬತ್ತಿನಿಂದಲೇ. ಅಲ್ಲಿ ಅದು ಐದರಲ್ಲಿ ಒಂದು ಪಾಲಾಗುತ್ತದೆ. ಹೆಸರಿಲ್ಲದ ಉಡುಪಿಗೆ ಐದು ಡಾಲರಿನ ಬಟ್ಟೆ, ಹೆಸರಿರುವ ಉಡುಪಿಗೆ ನಾಲ್ಕು ಡಾಲರಿನ ಬಟ್ಟೆ.

ಸುಂಕದ ವಿಷಯದಲ್ಲಿ ಒಂದು ವಿಚಿತ್ರವನ್ನು ಹೇಳಿಯೇ ಮುಂದೆ ಹೋಗಬೇಕು. ಅಮೆರಿಕದ ಮೂಲ ಆಮದು ಸುಂಕದ ಪಟ್ಟಿಯಲ್ಲಿ ಕ್ಯಾಶ್ಮೀರ್ ಉಣ್ಣೆಯ ಸ್ವೆಟರಿಗೆ ನೂರಕ್ಕೆ 4ರಷ್ಟು ಸುಂಕವಿದ್ದರೆ, ಅಕ್ರಿಲಿಕ್ ನೂಲಿನ ಸ್ವೆಟರಿಗೆ ನೂರಕ್ಕೆ 32. ಹತ್ತಿಯ ಟಿ ಶರ್ಟಿಗೆ 16.5, ಪಾಲಿಯೆಸ್ಟರಿನದಕ್ಕೆ ಮತ್ತೆ 32. ಕಡಿಮೆ ಬೆಲೆಗೆ ಕೃತಕ ನೂಲನ್ನೇ ನೆಚ್ಚಿಕೊಳ್ಳುವ ಮಳಿಗೆ ಆ ಅಗ್ಗದ ನೂಲಿಗೇ ಹೆಚ್ಚಿನ ಪ್ರಮಾಣದ ಸುಂಕ ತೆರುತ್ತದೆ, ಮತ್ತು ಆ ಹೊರೆಯೂ ಕೊನೆಗೆ ಬಟ್ಟೆಯ ದಪ್ಪದಲ್ಲಿ, ಹೊಲಿಗೆಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ.

ಈ ಲೆಕ್ಕ ಉಡುಪಿನ ಮೇಲೆ ಹೇಗೆ ಬರೆದಿರುತ್ತದೆ ಎಂಬುದನ್ನು ತಿಳಿಯಲು ಇಂಥ ಸಂಗ್ರಹದ ಒಂದು ಚೌಕುಳಿ ಕೋಟನ್ನು ಒಳಹೊರಗು ಮಾಡಿ ನೋಡಬೇಕು. ಜಾಹೀರಾತಿನ ಚಿತ್ರದಲ್ಲಿ ಭುಜ ನೆಟ್ಟಗೆ ಕೂತಿರುತ್ತದೆ, ಸೊಂಟದಲ್ಲಿ ಒಂದು ಸುಕ್ಕೂ ಇರುವುದಿಲ್ಲ. ಕೈಯಲ್ಲಿ ಹಿಡಿದ ಕೋಟಿನಲ್ಲಿ ಮೊದಲು ಕಣ್ಣಿಗೆ ಬೀಳುವುದು ಪಕ್ಕದ ಹೊಲಿಗೆ: ಮುಂಭಾಗದ ಚೌಕುಳಿಯ ಗೆರೆ ಹಿಂಭಾಗದ ಗೆರೆಗೆ ಸೇರದೆ ಅರ್ಧ ಬೆರಳು ಮೇಲೋ ಕೆಳಗೋ ಹೋಗಿರುತ್ತದೆ. ಗೆರೆ ಕೂಡಿಸಿ ಕತ್ತರಿಸಬೇಕಾದರೆ ಬಟ್ಟೆ ಹೆಚ್ಚು ವ್ಯರ್ಥವಾಗುತ್ತದೆ. ಒಂದು ಕೋಟಿನಲ್ಲಿ ಉಳಿಸಿದ ಗೇಣು ಬಟ್ಟೆ ಲಕ್ಷ ಕೋಟುಗಳಲ್ಲಿ ದೊಡ್ಡ ಮೊತ್ತ. ಕಾಲರಿನ ಒಳಗೆ ಬಿಗಿಗಾಗಿ ಹಾಕುವ ಬಕ್ರಮನ್ನು ಹೊಲಿದಿರುವುದಿಲ್ಲ, ಬಿಸಿ ಒತ್ತಿ ಅಂಟಿಸಿರುತ್ತಾರೆ. ಅಂಟು ಕಳಪೆಯಾಗಿದ್ದರೆ ಕೆಲವೇ ಒಗೆತಗಳಲ್ಲಿ ಅಲ್ಲಲ್ಲಿ ಬಿಟ್ಟುಕೊಂಡು ಕಾಲರಿನ ಮೇಲೆ ಗುಳ್ಳೆಗಳಂತೆ ಏಳುತ್ತದೆ, ಮತ್ತೆ ಯಾವ ಇಸ್ತ್ರಿಗೂ ಬಗ್ಗುವುದಿಲ್ಲ. ಅಸ್ತರು ತೋಳುಗಳಿಗೆ ಮಾತ್ರ. ಬೆನ್ನಿಗೆ ಇಲ್ಲ, ಆದ್ದರಿಂದ ಕೋಟು ಒಳಗಿನ ಅಂಗಿಗೆ ಅಂಟಿಕೊಂಡು ಮೇಲಕ್ಕೆ ಸರಿಯುತ್ತದೆ. ಜೇಬಿನ ಮುಚ್ಚಳವಿದೆ, ಅದರ ಕೆಳಗೆ ಜೇಬಿಲ್ಲ. ಕಾಜಾದ ಅಂಚಿನಿಂದ ದಾರದ ಎಳೆ ಇಣುಕುತ್ತದೆ. ಒಳಹೊಲಿಗೆಯಲ್ಲಿ ಬಿಡುವ ಬಟ್ಟೆಯಂತೂ ಎಷ್ಟು ಕಿರಿದೆಂದರೆ ದರ್ಜಿಯ ಹತ್ತಿರ ಒಯ್ದು ಸ್ವಲ್ಪ ಬಿಚ್ಚಿಸಿ ಸಡಿಲ ಮಾಡಿಸಿಕೊಳ್ಳೋಣವೆಂದರೂ ಬಿಚ್ಚುವುದಕ್ಕೆ ಏನೂ ಉಳಿದಿರುವುದಿಲ್ಲ. ಇವುಗಳಲ್ಲಿ ಯಾವುದೂ ಹೊಲಿದವರ ಅಜಾಗರೂಕತೆಯಲ್ಲ. ಒಂದೊಂದನ್ನೂ ಯಾರೋ ಮೇಜಿನ ಮುಂದೆ ಕೂತು, ಹನ್ನೆರಡು ಸೆಂಟು ಉಳಿಯಿತು, ಎಂಟು ಸೆಂಟು ಉಳಿಯಿತು ಎಂದು ಗುರುತು ಹಾಕಿಯೇ ತೀರ್ಮಾನಿಸಿರುತ್ತಾರೆ.

ಜಾಹೀರಾತಿನ ಚಿತ್ರ ಸುಳ್ಳು ಹೇಳುವುದೂ ಇಲ್ಲಿಯೇ. ಚಿತ್ರದಲ್ಲಿ ತಾರೆ ತೊಟ್ಟಿರುವುದು ಅನೇಕ ಸಲ ಮಾದರಿಗೆಂದು ಹೊಲಿಸಿದ ಉಡುಪು. ಅದನ್ನು ಅವರ ಮೈಗೆ ತಕ್ಕಂತೆ ತಿದ್ದಿರುತ್ತಾರೆ, ಕ್ಯಾಮೆರಾಕ್ಕೆ ಕಾಣದ ಬೆನ್ನಿನ ಕಡೆ ಕ್ಲಿಪ್ಪು ಹಾಕಿ ಬಿಗಿದಿರುತ್ತಾರೆ. ಫ್ಯಾಷನ್ ಛಾಯಾಗ್ರಹಣದಲ್ಲಿ ಇದು ಗುಟ್ಟೇನೂ ಅಲ್ಲ, ದಿನನಿತ್ಯದ ಪದ್ಧತಿ. ಸಾವಿರ ಡಾಲರಿನ ಉಡುಪಿಗೂ ಹೀಗೆಯೇ ಮಾಡುತ್ತಾರೆ. ಆದರೆ ಅದನ್ನು ಕೊಳ್ಳುವವರು ಅಳತೆಗೆ ತಿದ್ದಿಸಿಕೊಳ್ಳುತ್ತಾರೆ, ಇಪ್ಪತ್ತು ಡಾಲರಿನದನ್ನು ಕೊಂಡವರು ಅದಕ್ಕೆ ಇನ್ನೂ ಇಪ್ಪತ್ತು ಡಾಲರ್ ತಿದ್ದುಗೂಲಿ ಕೊಡುವುದಿಲ್ಲ.

ಇಪ್ಪತ್ತು ಡಾಲರಿಗೆ ಇನ್ನೇನು ಸಿಗುತ್ತದೆ ಎಂಬ ವಾದ ಮುರಿದು ಬೀಳುವುದು, ಅದೇ ಮಳಿಗೆಯ ಪಕ್ಕದ ಸಾಲಿನಲ್ಲಿ ಅದೇ ಬೆಲೆಗೆ ಸಿಗುವ ಮಳಿಗೆಯ ಸ್ವಂತ ಉಡುಪನ್ನು ಹೋಲಿಸಿ ನೋಡಿದಾಗ. ಸಾಮಾನ್ಯವಾಗಿ ಅದು ಮೈಗೆ ಹೆಚ್ಚು ಚೆನ್ನಾಗಿ ಕೂರುತ್ತದೆ. ರಾಯಲ್ಟಿ ಇಲ್ಲದಿರುವುದು ಇದಕ್ಕೆ ಒಂದು ಕಾರಣ ಮಾತ್ರ. ಇನ್ನೊಂದು, ಹೆಚ್ಚು ಮುಖ್ಯವಾದ ಕಾರಣ, ಅದರ ಹಿಂದಿರುವ ವರ್ಷಗಳು. ಮಳಿಗೆಯ ಸ್ವಂತ ಪ್ಯಾಂಟಿಗೆ ಒಂದು ಮೂಲ ಪ್ಯಾಟರ್ನ್, ಅಂದರೆ ಬಟ್ಟೆ ಕತ್ತರಿಸಲು ಬಳಸುವ ನಕ್ಷೆ, ಇರುತ್ತದೆ. ಒಂದು ಋತುವಿನಲ್ಲಿ ಸೊಂಟದ ಹಿಂಭಾಗ ಸಡಿಲವೆಂದು ಜನ ಹಿಂದಿರುಗಿಸಿದರೆ ಮುಂದಿನ ಋತುವಿನಲ್ಲಿ ಅದನ್ನು ತಿದ್ದುತ್ತಾರೆ, ಹೀಗೆ ಹಿಂದಿರುಗಿ ಬಂದ ಸರಕೇ ಅದಕ್ಕೆ ಪಾಠ ಕಲಿಸಿರುತ್ತದೆ. ತಾರೆಯ ಸಂಗ್ರಹಕ್ಕೆ ಈ ಅವಕಾಶವಿಲ್ಲ. ಬೇರೆಯಾಗಿ ಕಾಣಬೇಕೆಂದು ಹೊಸ ಪ್ಯಾಟರ್ನ್ ಮಾಡಿಸುತ್ತಾರೆ, ಬಿಡುಗಡೆಯ ದಿನ ತಿಂಗಳುಗಳ ಮೊದಲೇ ಘೋಷಣೆಯಾಗಿರುವುದರಿಂದ ಮಾದರಿಗಳನ್ನು ತಿದ್ದುವ ಸುತ್ತುಗಳು ಕಡಿಮೆಯಾಗುತ್ತವೆ, ಸರಕು ಒಂದೇ ಸಲಕ್ಕೆ ತಯಾರಾಗಿ ಬರುತ್ತದೆ. ಕೊಂಡವರು ದೂರು ಹೇಳುವ ಹೊತ್ತಿಗೆ ಸಂಗ್ರಹವೇ ಮುಗಿದುಹೋಗಿರುತ್ತದೆ. ಮೊದಲ ಸಲ ಬಂದ ದೋಷವೇ ಕೊನೆಯ ರೂಪವೂ ಆಗುತ್ತದೆ.

ಹಾಗಿದ್ದರೂ ಎಲ್ಲ ಹೆಸರುಗಳೂ ಒಂದೇ ಬಗೆಯಲ್ಲಿ ಸೋತಿಲ್ಲ ಎಂಬುದು ಈ ಇತಿಹಾಸದ ಕುತೂಹಲಕರ ಭಾಗ. ಕೆಮಾರ್ಟ್ ಮಳಿಗೆ 1985ರಲ್ಲಿ ನಟಿ ಜಾಕ್ಲಿನ್ ಸ್ಮಿತ್ ಅವರ ಹೆಸರಿನಲ್ಲಿ ಉಡುಪು ತಂದಾಗ ಅಗ್ಗದ ಮಳಿಗೆಗೆ ತಾರೆಯ ಹೆಸರು ಅಂಟಿಸುವುದು ಹಾಸ್ಯಾಸ್ಪದ ಎಂದು ಅನ್ನಿಸಿರಬಹುದು. ಆ ಸಾಲು ಎರಡು ದಶಕಗಳಿಗೂ ಮೀರಿ ನಡೆಯಿತು. ಅದಕ್ಕೆ ಎರಡು ವರ್ಷ ಮೊದಲು, 1983ರಲ್ಲಿ, ಜೆಸಿ ಪೆನಿ ಎಂಬ ಸಾಮಾನ್ಯ ಜನರ ಸರಣಿ ಮಳಿಗೆಯೊಂದಿಗೆ ಕೈಜೋಡಿಸಿದ ಹಾಲ್ಸ್ಟನ್ ಅವರ ಪಾಡು ಬೇರೆಯಾಯಿತು. ಜಾಕ್ವೆಲಿನ್ ಕೆನಡಿಯವರು ತೊಟ್ಟ ಪುಟ್ಟ ಟೋಪಿಯಿಂದ ಹೆಸರಾಗಿ, ಎಪ್ಪತ್ತರ ದಶಕದಲ್ಲಿ ಅಮೆರಿಕದ ಅತಿ ದೊಡ್ಡ ವಿನ್ಯಾಸಕರಲ್ಲಿ ಒಬ್ಬರೆನಿಸಿದ್ದ ಅವರ ಉಡುಪುಗಳನ್ನು ನ್ಯೂಯಾರ್ಕಿನ ಬರ್ಗ್‌ಡಾರ್ಫ್ ಗುಡ್‌ಮನ್ ಎಂಬ ದುಬಾರಿ ಮಳಿಗೆ ಕೈಬಿಟ್ಟಿತು. ಅಗ್ಗದ ಸಾಲು ನಿರೀಕ್ಷೆಯಂತೆ ಓಡಲಿಲ್ಲ. ಹೆಸರಿನ ಹಕ್ಕನ್ನು ಅದಕ್ಕೆ ಮೊದಲೇ ಮಾರಿದ್ದ ಹಾಲ್ಸ್ಟನ್ ಕೊನೆಗೆ ತಮ್ಮದೇ ಹೆಸರಿನ ಕಂಪನಿಯಿಂದ ಹೊರಗಾದರು.

ನಟಿ ಗೆದ್ದು, ಕಸಬು ಬಲ್ಲ ವಿನ್ಯಾಸಕ ಸೋತದ್ದು ಏಕೆ? ಸ್ಮಿತ್ ಹೆಸರಿನಲ್ಲಿ ಬಂದವು ದಿನಬಳಕೆಯ ಸರಳ ಉಡುಪುಗಳು. ಅಗ್ಗದ ಬಟ್ಟೆಯೂ ಅದನ್ನು ನಿಭಾಯಿಸಬಲ್ಲದು, ಆಕೆಯ ಹೆಸರು ಅದಕ್ಕಿಂತ ಹೆಚ್ಚಿನ ಭರವಸೆಯನ್ನೂ ಕೊಡುತ್ತಿರಲಿಲ್ಲ. ಹಾಲ್ಸ್ಟನ್ ಉಡುಪಿನ ಬೆಲೆಯೆಲ್ಲ ಇದ್ದದ್ದು ಕತ್ತರಿಯಲ್ಲಿ ಮತ್ತು ಬಟ್ಟೆಯ ಇಳಿತದಲ್ಲಿ. ಓರೆಯಾಗಿ ಕತ್ತರಿಸಿದ, ಹೆಚ್ಚು ಹೊಲಿಗೆಯಿಲ್ಲದ ಉದ್ದ ನಿಲುವಂಗಿ ಮೈಮೇಲೆ ನೀರಿನಂತೆ ಇಳಿಯಬೇಕಾದರೆ ಬಟ್ಟೆಗೆ ತೂಕವಿರಬೇಕು, ಮತ್ತು ಓರೆ ಕತ್ತರಿಗೆ ಬಟ್ಟೆ ಹೆಚ್ಚು ಬೇಕು. ಅಲಂಕಾರ ಮರೆಮಾಚುವ ದೋಷವನ್ನು ಸರಳತೆ ಎತ್ತಿ ತೋರಿಸುತ್ತದೆ. ಇದರಿಂದ ಒಂದು ಸೂತ್ರವನ್ನೇ ಹೇಳಬಹುದೆಂದು ನನಗೆ ಅನ್ನಿಸುತ್ತದೆ: ಹೆಸರಿನ ಬೆಲೆ ಬಣ್ಣದಲ್ಲಿ, ಅಚ್ಚಿನಲ್ಲಿ, ನಮೂನೆಯಲ್ಲಿ ಇದ್ದರೆ ಅದು ಅಗ್ಗದ ಮಳಿಗೆಗೆ ಇಳಿದರೂ ಹೆಚ್ಚು ಕೆಡುವುದಿಲ್ಲ, ಕತ್ತರಿಯಲ್ಲಿ ಮತ್ತು ಬಟ್ಟೆಯಲ್ಲಿ ಇದ್ದರೆ ಕೆಡದೆ ಉಳಿಯುವುದಿಲ್ಲ.

ಟಾರ್ಗೆಟ್ ಮಳಿಗೆಯ ಅನುಭವ ಈ ಸೂತ್ರಕ್ಕೆ ಹತ್ತಿರವಾಗಿದೆ. 2011ರ ಸೆಪ್ಟೆಂಬರ್ 13ರಂದು ಇಟಲಿಯ ಮಿಸೋನಿ ಫ್ಯಾಷನ್ ಸಂಸ್ಥೆಯ ಸುಮಾರು 400 ವಸ್ತುಗಳನ್ನು ಅದು ಮಾರಾಟಕ್ಕಿಟ್ಟಾಗ ಖರೀದಿದಾರರ ದಾಳಿಗೆ ಅದರ ಜಾಲತಾಣವೇ ಕುಸಿಯಿತು. ಮಿಸೋನಿಯ ಗುರುತು ಅಂಕುಡೊಂಕಿನ ಬಣ್ಣದ ಪಟ್ಟೆಗಳು. ಮೂಲದಲ್ಲಿ ಆ ಪಟ್ಟೆ ಬಗೆಬಗೆಯಾಗಿ ಬಣ್ಣ ಕಟ್ಟಿದ ನೂಲನ್ನು ಹೆಣೆದು ಬರುವಂಥದ್ದು, ಆದರೆ ಕಣ್ಣಿಗೆ ಬೀಳುವುದು ಪಟ್ಟೆಯೇ ಹೊರತು ನೂಲಲ್ಲ. ಸೈಕಲ್ಲಿನ ಮೇಲೂ ಪ್ರಯಾಣದ ಪೆಟ್ಟಿಗೆಯ ಮೇಲೂ ಅದನ್ನು ಬಿಡಿಸಬಹುದಿತ್ತು, ಬಿಡಿಸಿದರು. 2015ರ ಏಪ್ರಿಲ್ 19ರಂದು ಬಂದ ಲಿಲಿ ಪುಲಿಟ್ಜರ್ ಎಂಬ ಉಡುಪು ಸಂಸ್ಥೆಯ ಸಂಗ್ರಹವೂ ಹಾಗೆಯೇ: ಗುಲಾಬಿ, ಹಸಿರು, ನೀಲಿಗಳ ಗಾಢವಾದ ಹೂವಿನ ಅಚ್ಚುಗಳು. ಕೆಲವೇ ಗಂಟೆಗಳಲ್ಲಿ ಸರಕು ಖಾಲಿಯಾಗಿ ಮರುಮಾರಾಟದ ತಾಣಗಳಲ್ಲಿ ದುಪ್ಪಟ್ಟು ಬೆಲೆಗೆ ಕಾಣಿಸಿಕೊಂಡಿತು. ಅಲ್ಲಿಯ ಅಸಮಾಧಾನ ಬಹುಪಾಲು ಉಡುಪು ಸಿಗಲಿಲ್ಲವೆಂಬುದರ ಬಗ್ಗೆ ಇತ್ತು. ಐಸಾಕ್ ಮಿಜ್ರಾಹಿ ಅವರದು ಇನ್ನೊಂದು ಬಗೆಯ ಗೆಲುವು. 1998ರಲ್ಲಿ ತಮ್ಮ ದುಬಾರಿ ಉಡುಪಿನ ಸಂಸ್ಥೆಯನ್ನು ಮುಚ್ಚಬೇಕಾಗಿ ಬಂದಿದ್ದ ಅವರು 2003ರಿಂದ 2008ರವರೆಗೆ ಟಾರ್ಗೆಟ್ಟಿಗೆ ಉಡುಪು ಮಾಡಿದರು. ಒಂದು ದಿನದ ಜಾತ್ರೆಯಾಗದೆ ಐದು ವರ್ಷ ನಡೆದದ್ದರಿಂದ ತಪ್ಪಿದ್ದನ್ನು ತಿದ್ದಿಕೊಳ್ಳುವ ಅವಕಾಶ ಅವರಿಗಿತ್ತು, ಮತ್ತು ಕೆಲಸ ಬಲ್ಲವರಾದ್ದರಿಂದ ಕಡಿಮೆ ಹಣದಲ್ಲಿ ಏನು ಸಾಧ್ಯ, ಏನು ಅಸಾಧ್ಯ ಎಂಬುದು ಅವರಿಗೆ ತಿಳಿದಿತ್ತು.

ಅಳತೆಯ ಪ್ರಶ್ನೆ ಇದೆಲ್ಲದರಲ್ಲಿ ಹೆಚ್ಚು ನೋವು ಕೊಡುವಂಥದ್ದು. 2004ರಲ್ಲಿ ಹೆಸರಾಂತ ವಿನ್ಯಾಸಕ ಕಾರ್ಲ್ ಲಾಗರ್‌ಫೆಲ್ಡ್ ಅವರು ಸ್ವೀಡನ್ನಿನ ಎಚ್ ಅಂಡ್ ಎಂ ಸರಣಿಗೆ ಉಡುಪು ಮಾಡಿಕೊಟ್ಟರು. ಅದು ಮಾರಾಟವಾದ ವೇಗ ಮುಂದಿನ ಇಂಥ ಎಲ್ಲ ಒಪ್ಪಂದಗಳಿಗೆ ದಾರಿ ಮಾಡಿತು. ಆಮೇಲೆ ಅವರು ಬಹಿರಂಗವಾಗಿಯೇ ಸಿಟ್ಟಾದರು: ಸರಕನ್ನು ಕಡಿಮೆ ಮಾಡಿಸಿದರೆಂದು ಒಂದು ಸಿಟ್ಟು, ತೆಳ್ಳಗಿನವರಿಗೆಂದು ತಾವು ಮಾಡಿದ ಉಡುಪನ್ನು ದೊಡ್ಡ ಅಳತೆಗಳಲ್ಲಿಯೂ ಹೊಲಿಸಿದರೆಂದು ಇನ್ನೊಂದು. ಸಾಮಾನ್ಯ ಜನರ ಮಳಿಗೆಗೆ ಬಂದ ಮೇಲೂ ಸಾಮಾನ್ಯ ಜನರ ಮೈಯನ್ನು ಒಪ್ಪಿಕೊಳ್ಳದ ಧೋರಣೆ ಇದು. ಲಿಲಿ ಪುಲಿಟ್ಜರ್ ಸಂಗ್ರಹದಲ್ಲಿ ದೊಡ್ಡ ಅಳತೆಗಳನ್ನು ಮಳಿಗೆಯಲ್ಲಿ ಇಡದೆ ಜಾಲತಾಣದಲ್ಲಿ ಮಾತ್ರ ಮಾರಿದ್ದಕ್ಕೂ ಟಾರ್ಗೆಟ್ ಕಟುವಾದ ಟೀಕೆ ಎದುರಿಸಬೇಕಾಯಿತು. ತೊಟ್ಟು ನೋಡುವ ಅನುಕೂಲ ಯಾರಿಗೆ ಹೆಚ್ಚು ಬೇಕೋ ಅವರಿಗೇ ಅದು ಇಲ್ಲವಾಯಿತು. ಈ ಒಂದು ವಿಷಯದಲ್ಲಿ ಬಿಟನ್ ಸಂಗ್ರಹಕ್ಕೆ ಸಲ್ಲಬೇಕಾದ ಶ್ರೇಯವನ್ನು ಸಲ್ಲಿಸಲೇಬೇಕು. ಅದು ದೊಡ್ಡ ಅಳತೆಯವರನ್ನು ಮೊದಲ ದಿನದಿಂದಲೇ ಲೆಕ್ಕಕ್ಕೆ ತೆಗೆದುಕೊಂಡಿತ್ತು. ಆದರೆ ಅಳತೆಯನ್ನು ಹಿಗ್ಗಿಸುವುದೆಂದರೆ ಎಲ್ಲ ಕಡೆ ಒಂದೇ ಪ್ರಮಾಣದಲ್ಲಿ ಇಂಚು ಸೇರಿಸುವುದಲ್ಲ. ಎದೆ, ಕಂಕುಳು, ತೋಳಿನ ಬುಡ ಬೇರೆ ಬೇರೆಯಾಗಿ ಬೆಳೆಯುತ್ತವೆ. 8ನೇ ಅಳತೆಯ ಪ್ಯಾಟರ್ನನ್ನೇ ಹಿಗ್ಗಿಸಿ 20 ಮಾಡಿದರೆ ಭುಜ ಜಾರುತ್ತದೆ, ತೋಳು ಬಿಗಿಯುತ್ತದೆ. ದೊಡ್ಡ ಅಳತೆಗೆ ಪ್ರತ್ಯೇಕ ಪ್ಯಾಟರ್ನ್ ಮಾಡಿಸಬೇಕು, ಪ್ರತ್ಯೇಕ ರೂಪದರ್ಶಿಯ ಮೇಲೆ ತೊಡಿಸಿ ತಿದ್ದಬೇಕು. ಅದಕ್ಕೂ ಹಣ ಬೇಕು.

ಇಷ್ಟೆಲ್ಲ ತಿಳಿದೂ ಮಳಿಗೆಗಳು ಯಾಕೆ ಇದನ್ನು ಬಿಡುವುದಿಲ್ಲ? ಏಕೆಂದರೆ ಮಳಿಗೆಗೆ ಆ ಉಡುಪಿನ ಲಾಭವೇ ಮುಖ್ಯವಲ್ಲ. ತಾರೆಯ ಹೆಸರು ಕೇಳಿ ಬಂದವರು ಸೋಪು, ಡೈಪರು, ಬಲ್ಬು ಕೊಂಡು ಹೋಗುತ್ತಾರೆ. ಪತ್ರಿಕೆಗಳಲ್ಲಿ ಬರುವ ಸುದ್ದಿಗೆ ಜಾಹೀರಾತಿನ ದರ ಕೊಡಬೇಕಾಗಿಲ್ಲ. ಸ್ಟೀವ್ ಅಂಡ್ ಬ್ಯಾರೀಸ್ ಈ ತರ್ಕವನ್ನು ತುತ್ತತುದಿಗೆ ಒಯ್ದ ಕಂಪನಿ. ಅದು ಜಾಹೀರಾತಿಗೆ ಹೆಚ್ಚೇನೂ ಖರ್ಚು ಮಾಡದೆ ತಾರೆಯರ ಸುದ್ದಿಯನ್ನೇ ನೆಚ್ಚಿಕೊಂಡಿತ್ತು. 2006ರಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಸ್ಟೆಫನ್ ಮಾರ್ಬರಿ ಹೆಸರಿನ ಶೂ 14.98 ಡಾಲರಿಗೆ ಮಾರಿತು, ನಂತರ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಹೆಸರನ್ನೂ ತಂದಿತು. ಆದರೆ ಅದರ ಕೈಯಲ್ಲಿ ಓಡಾಡುತ್ತಿದ್ದ ಹಣದ ದೊಡ್ಡ ಭಾಗ ಬಟ್ಟೆಯ ಲಾಭದಿಂದ ಬಂದದ್ದಲ್ಲ. ಖಾಲಿ ಬಿದ್ದಿದ್ದ ಜಾಗ ತುಂಬಿಸಿಕೊಳ್ಳಲು ಮಾಲ್‌ಗಳ ಮಾಲೀಕರು ಹೊಸ ಮಳಿಗೆ ತೆರೆದಾಗಲೆಲ್ಲ ಮುಂಗಡವಾಗಿ ಕೊಡುತ್ತಿದ್ದ ಮೊತ್ತ ಅದು. ಹೊಸ ಮಳಿಗೆ ತೆರೆಯುತ್ತಿರುವವರೆಗೆ ಹಣ ಬರುತ್ತಿತ್ತು. ಸಾಲದ ಮಾರುಕಟ್ಟೆ ಬಿಗಿಯಾದ 2008ರಲ್ಲಿ ಆ ಹರಿವು ನಿಂತಿತು, ಇಪ್ಪತ್ತು ಡಾಲರಿನೊಳಗಿನ ಉಡುಪಿನ ಲಾಭದಲ್ಲಿ ಅಷ್ಟು ದೊಡ್ಡ ಮಳಿಗೆಗಳು ನಿಲ್ಲಲಾರವು ಎಂಬುದು ಆಗ ಬಯಲಾಯಿತು.

ಗಮನಿಸಬೇಕಾದ ಇನ್ನೊಂದು ಸಂಗತಿಯೆಂದರೆ, ತಾರೆಯರನ್ನು ಸಾಲುಸಾಲಾಗಿ ಕರೆತರುವ ಮಳಿಗೆ ಅನೇಕ ಸಲ ಆಗಲೇ ಬಳಲಿರುವ ಮಳಿಗೆಯಾಗಿರುತ್ತದೆ. 2002ರಲ್ಲಿ ಒಮ್ಮೆ ದಿವಾಳಿ ಅರ್ಜಿ ಹಾಕಿ ಎದ್ದಿದ್ದ ಕೆಮಾರ್ಟ್ 2010ರಿಂದ 2013ರ ನಡುವೆ ಸೆಲೆನಾ ಗೋಮೆಜ್, ಸೋಫಿಯಾ ವರ್ಗಾರಾ, ಆಡಮ್ ಲೆವೀನ್, ನಿಕಿ ಮಿನಾಜ್ ಹೀಗೆ ಒಬ್ಬರ ಹಿಂದೊಬ್ಬರನ್ನು ತಂದಿತು. ಅದರ ಸೋದರ ಸಂಸ್ಥೆ ಸಿಯರ್ಸ್ 2011ರಲ್ಲಿ ಕಾರ್ಡಾಶಿಯನ್ ಸೋದರಿಯರ ಸಂಗ್ರಹವನ್ನು ಆರಂಭಿಸಿತು. 2018ರಲ್ಲಿ ಎರಡೂ ಮಳಿಗೆಗಳ ಮಾತೃಸಂಸ್ಥೆ ದಿವಾಳಿ ಅರ್ಜಿ ಹಾಕಿತು. ದೀಪವೇ ಸರಿಯಾಗಿ ಉರಿಯದ ಮಳಿಗೆಯಲ್ಲಿ ನೇತುಹಾಕಿದ ಉಡುಪು ಸ್ವಲ್ಪ ಚೆನ್ನಾಗಿದ್ದರೂ ಕಳೆಗುಂದಿಯೇ ಕಾಣುತ್ತದೆ. ಚೆನ್ನಾಗಿ ನಡೆಯುತ್ತಿದ್ದ ಟಾರ್ಗೆಟ್ ಕೂಡ ಎಡವಿದ್ದುಂಟು: 2012ರ ಡಿಸೆಂಬರಿನಲ್ಲಿ ದುಬಾರಿ ಮಳಿಗೆ ನೀಮನ್ ಮಾರ್ಕಸ್ ಜತೆ ಸೇರಿ 24 ವಿನ್ಯಾಸಕರ ಹೆಸರಿನಲ್ಲಿ ತಂದ ಹಬ್ಬದ ಸಂಗ್ರಹ ಕ್ರಿಸ್‌ಮಸ್ ಮುಗಿಯುವ ಹೊತ್ತಿಗೆ ನೂರಕ್ಕೆ ಎಪ್ಪತ್ತರಷ್ಟು ದರ ಕಡಿತಕ್ಕೆ ಇಳಿಯಿತು. ಹೆಸರುಗಳು ದೊಡ್ಡವಾಗಿದ್ದವು, ವಸ್ತುಗಳು ಬಹುಪಾಲು ಉಡುಗೊರೆಯ ಸಣ್ಣಪುಟ್ಟ ಸಾಮಾನುಗಳಾಗಿದ್ದವು, ಬೆಲೆ ಆ ಮಳಿಗೆಯ ವಾಡಿಕೆಗಿಂತ ಹೆಚ್ಚಾಗಿತ್ತು.

ನಿರಾಸೆ ಬಟ್ಟೆಯ ಗುಣದಲ್ಲೇ ನಿಂತರೆ ಅದು ಚಿಕ್ಕ ವಿಷಯ. 1996ರಲ್ಲಿ ಅದು ಬೇರೆ ಮಟ್ಟ ಮುಟ್ಟಿತು. ದೂರದರ್ಶನ ನಿರೂಪಕಿ ಕ್ಯಾಥಿ ಲೀ ಗಿಫರ್ಡ್ ಅವರ ಹೆಸರಿನಲ್ಲಿ ವಾಲ್‌ಮಾರ್ಟ್ ಮಾರುತ್ತಿದ್ದ ಉಡುಪುಗಳನ್ನು ಹೊಂಡುರಾಸಿನ ಕಾರ್ಖಾನೆಯೊಂದರಲ್ಲಿ ಎಳೆಯ ಹುಡುಗಿಯರು ಹೊಲಿಯುತ್ತಿದ್ದರೆಂದು ಕಾರ್ಮಿಕ ಹಕ್ಕುಗಳ ಹೋರಾಟಗಾರ ಚಾರ್ಲ್ಸ್ ಕೆರ್ನಾಗನ್ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು. ತಮಗೆ ಇದು ತಿಳಿದಿರಲಿಲ್ಲವೆಂದು ಗಿಫರ್ಡ್ ಹೇಳಿದರು. ನಿಜವಾಗಿಯೂ ತಿಳಿದಿರಲಿಕ್ಕಿಲ್ಲ, ಪರವಾನಗಿ ಒಪ್ಪಂದದ ಸ್ವರೂಪವೇ ಹೆಸರಿನವರಿಗೆ ಕಾರ್ಖಾನೆ ಕಾಣಿಸದಂತೆ ಇರುತ್ತದೆ. ಆಮೇಲೆ ಅವರು ಸುಧಾರಣೆಯ ಪರವಾಗಿ ಮಾತನಾಡಿದರು, ಅದೇ ವರ್ಷ ಕ್ಲಿಂಟನ್ ಆಡಳಿತ ಉಡುಪು ಉದ್ಯಮದ ಪ್ರತಿನಿಧಿಗಳು ಮತ್ತು ಹಕ್ಕುಗಳ ಸಂಘಟನೆಗಳನ್ನು ಒಟ್ಟಿಗೆ ಕೂರಿಸಿತು, ಅದರಿಂದ 1999ರಲ್ಲಿ ಕಾರ್ಖಾನೆಗಳ ಕೆಲಸದ ಸ್ಥಿತಿಯ ಮೇಲೆ ಕಣ್ಣಿಡುವ ಫೇರ್ ಲೇಬರ್ ಅಸೋಸಿಯೇಷನ್ ಹುಟ್ಟಿತು. 2010ರಲ್ಲಿ ಮತ್ತೊಮ್ಮೆ, ಮೈಲಿ ಸೈರಸ್ ಹೆಸರಿನ ಅಗ್ಗದ ಒಡವೆಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹ ಇದೆಯೆಂದು ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆ ಪರೀಕ್ಷೆ ಮಾಡಿಸಿ ತೋರಿಸಿದಾಗ ವಾಲ್‌ಮಾರ್ಟ್ ಅವುಗಳನ್ನು ಮಾರಾಟದಿಂದ ಹಿಂತೆಗೆಯಿತು.

ಕೊರಳಪಟ್ಟಿಯ ಮೇಲಿನ ಹೆಸರು ಯಾವುದೇ ಇರಲಿ, ಉಡುಪಿಗೆ ಹೊಣೆಯಾದವರು ಯಾರೆಂದು ತಿಳಿಯುವ ದಾರಿಯೊಂದನ್ನು ಅಮೆರಿಕದ ಕಾನೂನು ಒದಗಿಸಿದೆ. ಯಾವ ನಾರು ನೂರಕ್ಕೆ ಎಷ್ಟು, ಯಾವ ದೇಶದಲ್ಲಿ ತಯಾರಾಯಿತು, ತಯಾರಕರೋ ಆಮದುದಾರರೋ ಮಾರಾಟಗಾರರೋ ಯಾರು ಎಂಬುದನ್ನು ಉಡುಪಿನ ಲೇಬಲ್ಲಿನಲ್ಲಿ ಹೇಳಲೇಬೇಕು. ಕಂಪನಿಯ ಹೆಸರಿನ ಬದಲು ಆರ್‌ಎನ್ ಎಂಬ ಅಕ್ಷರಗಳ ಮುಂದೆ ಒಂದು ನೋಂದಣಿ ಸಂಖ್ಯೆ ಹಾಕಿದರೂ ಸಾಕು; ಫೆಡರಲ್ ಟ್ರೇಡ್ ಕಮಿಷನ್ ಎಂಬ ಸರ್ಕಾರಿ ಸಂಸ್ಥೆಯ ಪಟ್ಟಿಯಲ್ಲಿ ಆ ಸಂಖ್ಯೆಯನ್ನು ಹುಡುಕಿದರೆ ಹಿಂದಿರುವ ಸಂಸ್ಥೆ ಸಿಗುತ್ತದೆ. ತಾರೆಯ ಸಂಗ್ರಹಗಳಲ್ಲಿ ಅದು ಸಾಮಾನ್ಯವಾಗಿ ಮಳಿಗೆಯ ಸ್ವಂತ ಸಂಖ್ಯೆಯಾಗಿರುತ್ತದೆ ಅಥವಾ ಯಾರೂ ಹೆಸರು ಕೇಳಿರದ ಒಂದು ಆಮದು ಕಂಪನಿಯದಾಗಿರುತ್ತದೆ. ಕೊಳ್ಳುವ ಮುನ್ನ ನೋಡಲು ಇದಕ್ಕಿಂತ ಉಪಯುಕ್ತವಾದ ಸಾಲು ಉಡುಪಿನಲ್ಲಿ ಇನ್ನೊಂದಿಲ್ಲ, ಆದರೆ ಅದನ್ನು ಅನೇಕ ಸಲ ಹೊಲಿಯುವುದು ಪಕ್ಕದ ಹೊಲಿಗೆಯ ಒಳಗೆ.

ಈಚಿನ ವರ್ಷಗಳಲ್ಲಿ ಎರಡೂ ಕಡೆಯವರು ಬೇರೆ ಲೆಕ್ಕ ಹಾಕತೊಡಗಿದ್ದಾರೆ. ತಾರೆಯರಿಗೆ ನೂರಕ್ಕೆ ಐದರ ರಾಯಲ್ಟಿಗಿಂತ ಒಡೆತನವೇ ಲಾಭಕರವೆಂದು ಅರ್ಥವಾಗಿದೆ. ಗಾಯಕಿ ಜೆಸ್ಸಿಕಾ ಸಿಂಪ್ಸನ್ ತಮ್ಮ ಹೆಸರಿನ ಉಡುಪು ಸಂಸ್ಥೆಯ ಬಹುಪಾಲನ್ನು ಮಾರಿದ್ದವರು, ಕೊಂಡ ಕಂಪನಿ 2021ರಲ್ಲಿ ದಿವಾಳಿಯಾದಾಗ ಹಣ ಹಾಕಿ ಅದನ್ನು ಮರಳಿ ಪಡೆದರು. ಮಳಿಗೆಗಳಾದರೋ ಯಾವ ತಾರೆಯೂ ಇಲ್ಲದ ಸ್ವಂತ ಹೆಸರುಗಳತ್ತ ಹೊರಳಿವೆ. ಟಾರ್ಗೆಟ್ 2016ರಲ್ಲಿ ಆರಂಭಿಸಿದ ಮಕ್ಕಳ ಉಡುಪಿನ ಕ್ಯಾಟ್ ಅಂಡ್ ಜ್ಯಾಕ್ ಮೊದಲ ವರ್ಷದಲ್ಲೇ 200 ಕೋಟಿ ಡಾಲರಿನ ಮಾರಾಟ ಮುಟ್ಟಿತು. ಆ ಉಡುಪು ವರ್ಷದೊಳಗೆ ಹರಿದರೆ ರಸೀದಿಯೊಂದಿಗೆ ತಂದು ಹಿಂದಿರುಗಿಸಬಹುದು ಎಂದು ಮಳಿಗೆ ಖಾತರಿ ಕೊಟ್ಟಿತು. ಹಾಗೆ ಖಾತರಿ ಕೊಟ್ಟ ಮೇಲೆ ಬಟ್ಟೆಯಲ್ಲಿ ಉಳಿಸಿದ ಎಂಟು ಸೆಂಟು ಮಳಿಗೆಗೇ ನಷ್ಟವಾಗಿ ತಿರುಗುತ್ತದೆ. ಪ್ಯಾಂಟಿನ ಮೊಣಕಾಲಿಗೆ ಒಳಗಿನಿಂದ ಬಲಕೊಡಲು ಹಾಕುವ ಹಣ ಆಗ ಖರ್ಚಿನ ಪಟ್ಟಿಯಿಂದ ಉಳಿತಾಯದ ಪಟ್ಟಿಗೆ ಬರುತ್ತದೆ.